ತೋಡು ದಾಟಿದ ಜೀಪಿನ ಮಳೆಗಾಲ

ಹೋದ ತಿಂಗಳು ಬಿಟ್ಟಂಗಾಲದಲ್ಲಿ ನೆಂಟರ ಮನೆಗೆ ಹೋಗುವಾಗ ನಮ್ಮ ಕಾರು ರಸ್ತೆಯ ಮೇಲೆ ನಿಂತ ನೀರಿನಲ್ಲಿ ಕೆಟ್ಟು ನಿಂತಿತು. ಹತ್ತಿರದ ಗ್ಯಾರೇಜಿನವರು ಬಂದು ಬಾನೆಟ್ ಎತ್ತಿದರು. ಬಿಸಿ ಇಂಜಿನ್ನಿನ ಮೇಲೆ ಕೆಸರುನೀರು ಬಿದ್ದು ಎದ್ದ ಹಬೆ, ಅದರೊಳಗೆ ಕಾದ ಗ್ರೀಸು, ನೆಂದ ವಯರಿನ ರಬ್ಬರು. ಆ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಮುಂದೆ ಬಾಗಿ, “ಆ ಕಪ್ಲರ್ ಬಿಚ್ಚಿ ನೋಡಿ, ಒಳಗೆ ನೀರು ಹೋಗಿರ್ಬೇಕು” ಎಂದೆ. ಅವರು ನನ್ನ ಮುಖ ನೋಡಿದರು, ಸೀರೆ ನೋಡಿದರು. “ನಿಮಗೆ ಹೇಗೆ ಗೊತ್ತು ಅಕ್ಕ?” ಎಂದರು. ನಾನು ನರ್ಸ್ ಎಂದು ಹೇಳಿದರೆ ಅದು ಉತ್ತರವಾಗುತ್ತಿರಲಿಲ್ಲ. ಕಾರು ಹೊರಟಿತು. ನೆಂಟರ ಮನೆಯಲ್ಲಿ ಊಟಕ್ಕೆ ಕೂತರೂ ನನ್ನ ತಲೆಯಲ್ಲಿ ಒಂದೇ ಮಳೆಗಾಲ ಸುರಿಯುತ್ತಿತ್ತು.

ಆಗ ನನಗೆ ನಲವತ್ತೆರಡು. ಪೊನ್ನಂಪೇಟೆಯಿಂದ ಒಳಗೆ, ಕಾಫಿ ತೋಟಗಳ ನಡುವಿನ ಒಂದು ಸಣ್ಣ ಸರ್ಕಾರಿ ಆಸ್ಪತ್ರೆಗೆ ವರ್ಗವಾಗಿ ಹೋಗಿದ್ದೆ. ಒಬ್ಬರು ಡಾಕ್ಟರ್ ಮೇಡಂ, ನಾನು, ಇನ್ನೊಬ್ಬರು ನರ್ಸ್, ಒಂದು ಹಳೆಯ ಡೀಸೆಲ್ ಜೀಪು, ಅದರ ಡ್ರೈವರ್ ಹಂಸ ಕಾಕ. ಮನೆಯಲ್ಲಿ ಮಲಯಾಳ, ಹೊರಗೆ ಕನ್ನಡ, ತೋಟದ ಕೂಲಿಗಳ ಲೈನುಮನೆಗಳಲ್ಲಿ ತಮಿಳು ಮಾತಾಡುವ ಮನುಷ್ಯ. ಅವರು ನಿವೃತ್ತಿಯಾಗಲು ಆ ಮಳೆಗಾಲ ಒಂದೇ ಬಾಕಿ ಇತ್ತು. ಎಲ್ಲರೂ ಅವರನ್ನು ಕಾಕ ಎಂದೇ ಕರೆಯುತ್ತಿದ್ದರು. ಅವರು ಮಾತ್ರ ನನ್ನನ್ನು ಮೊದಲ ದಿನದಿಂದ ಕೊನೆಯ ದಿನದವರೆಗೂ “ಸಿಸ್ಟರೇ” ಎಂದರು.

ನಮ್ಮ ಆಸ್ಪತ್ರೆಗೆ ಸೇರಿದ ಊರುಗಳಲ್ಲಿ ಒಂದು ಗಿರಿಜನರ ಹಾಡಿ ತೋಡಿನ, ಅಂದರೆ ಹಳ್ಳದ, ಆಚೆಗಿತ್ತು. ಬೇಸಿಗೆಯಲ್ಲಿ ಆ ತೋಡಿನಲ್ಲಿ ಪಾದ ಮುಳುಗುವಷ್ಟು ನೀರು. ಮಳೆ ಹಿಡಿದರೆ ಜೀಪಿನ ಬಂಪರಿನವರೆಗೆ ಬರುತ್ತಿತ್ತು, ಕೆಲವು ದಿನ ಅದಕ್ಕೂ ಮೇಲೆ. ಸೇತುವೆ ಇರಲಿಲ್ಲ. ಮೇಲ್ಗಡೆ ಒಂದು ಅಡಿಕೆ ಮರದ ಸಂಕ ಇತ್ತು, ಅದರ ಮೇಲೆ ಗಟ್ಟಿಮುಟ್ಟಾದವರು ನಡೆಯಬಹುದು. ಹೊಟ್ಟೆ ಹೊತ್ತ ಹೆಂಗಸರನ್ನೂ ಜ್ವರದ ಮುದುಕರನ್ನೂ ಅದರ ಮೇಲೆ ನಡೆಸಲಾಗುತ್ತದೆಯೇ? ಹಾಗಾಗಿ ವಾರಕ್ಕೆ ಎರಡು ದಿನ ನಾವು ಜೀಪಿನಲ್ಲೇ ಆ ಕಡೆಗೆ ಹೋಗಬೇಕಿತ್ತು.

ಜೂನ್ ಮಧ್ಯದಲ್ಲಿ ಜೀಪು ಮೊದಲ ಸಲ ತೋಡಿನ ನಡುವೆ ಸತ್ತಿತು. ನನ್ನ ಮಡಿಲಲ್ಲಿ ಲಸಿಕೆಯ ಪೆಟ್ಟಿಗೆ. ಕಾಕ ಕೀಲಿ ತಿರುಗಿಸಿದರೆ ಸೆಲ್ಫ್ ಟಕ್ ಎಂದು ಸುಮ್ಮನಾಗುತ್ತಿತ್ತು. ನಾವಿಬ್ಬರೂ ಇಳಿದು, ಸೊಂಟದವರೆಗಿನ ನೀರಿನಲ್ಲಿ ದಡ ಸೇರಿ, ಪೆಟ್ಟಿಗೆ ಹೊತ್ತುಕೊಂಡು ಆಸ್ಪತ್ರೆಯವರೆಗೆ ನಡೆದೆವು. ಮಾರನೆಯ ದಿನ ತೋಟದ ಟ್ರ್ಯಾಕ್ಟರ್ ಜೀಪನ್ನು ಎಳೆದು ತಂದಿತು. ತಾಲೂಕಿನ ಗ್ಯಾರೇಜಿನಲ್ಲಿ ಒಂದು ವಾರ ನಿಂತು, ರಿಪೇರಿಯಾಗಿ ಬಂದು, ಮತ್ತೆ ಅದೇ ಜಾಗದಲ್ಲಿ ನಿಂತಿತು, ಮತ್ತೆ ಟ್ರ್ಯಾಕ್ಟರೇ ಎಳೆದು ತಂದಿತು.

ಡಾಕ್ಟರ್ ಮೇಡಂ ಒಳ್ಳೆಯವರು. ಅವರಿಗೂ ಸಾಕಾಗಿತ್ತು. “ಕಮಲಾಕ್ಷಿ, ಆ ಜೀಪನ್ನು ನಂಬ್ಕೊಂಡು ತೋಡಿಗೆ ಇಳೀಬೇಡಿ. ಮಳೆ ಕಡಿಮೆ ಆಗ್ಲಿ” ಎಂದರು.

“ಮಳೆ ಕಡಿಮೆ ಆಗೋದು ಸೆಪ್ಟೆಂಬರಿಗೆ ಮೇಡಂ. ಅಲ್ಲಿ ಮೂರು ಜನ ಬಸುರಿಯರಿದ್ದಾರೆ.”

ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಬೇಡ ಎನ್ನಲೂ ಇಲ್ಲ, ಹೋಗಿ ಎನ್ನಲೂ ಇಲ್ಲ.

ಆ ಭಾನುವಾರ ನನ್ನ ಬಟ್ಟೆ ಒಣಗಿಸಲು ಆಸ್ಪತ್ರೆಯ ಹಿಂದಿನ ಜಗಲಿಗೆ ಹೋದರೆ ಕಾಕ ಅಲ್ಲಿ ಹಳೇ ಗೋಣಿಯ ಮೇಲೆ ಕೂತಿದ್ದರು. ಜೀಪಿನ ಬಾನೆಟ್ ತೆಗೆದಿತ್ತು. ಎರಡು ವಯರು ಕೂಡುವ ಕಡೆ ಇರುವ ಪ್ಲಾಸ್ಟಿಕ್ ಗೂಡುಗಳನ್ನು, ಅಂದರೆ ಅವರು ಕಪ್ಲರ್ ಎನ್ನುವುದನ್ನು, ಒಂದೊಂದಾಗಿ ಬಿಡಿಸಿ, ಬನಿಯನ್ ಬಟ್ಟೆಯಲ್ಲಿ ಒರೆಸುತ್ತಿದ್ದರು. ಬೆರಳ ತುದಿಯಲ್ಲಿ ಗ್ರೀಸ್ ತೆಗೆದು ಒಳಗೆ ತುಂಬಲು ನೋಡುತ್ತಿದ್ದರು. ಬೆರಳು ದಪ್ಪ, ಗೂಡು ಸಣ್ಣದು. ಗ್ರೀಸೆಲ್ಲ ಹೊರಗೆ.

“ಇಂಜಿನ್ನಿಗೆ ಏನೂ ಆಗಿಲ್ಲ ಸಿಸ್ಟರೇ. ಇವತ್ತಿಗೂ ಗಟ್ಟಿ ಉಂಟು. ಸಾಯೋದು ಈ ಸಣ್ಣ ಸಣ್ಣ ಜಾಯಿಂಟಲ್ಲಿ. ಒಳಗೆ ಕೆಸರು ನೀರು ಹೋಗ್ತದೆ, ಪಿನ್ನಿಗೆ ಹಸಿರು ಹಿಡೀತದೆ, ಮತ್ತೆ ಕರೆಂಟೇ ಹೋಗಲ್ಲ.”

ನಾನು ಒಳಗೆ ಹೋಗಿ ಸೂಜಿಯಿಲ್ಲದ ಒಂದು ಸಿರಿಂಜ್ ತಂದು ಕೊಟ್ಟೆ. ಅವಧಿ ಮುಗಿದು ಎಸೆಯಲು ಇಟ್ಟಿದ್ದ ಪೆಟ್ಟಿಗೆಯದು. ಕಾಕ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಹಿಂದಿನಿಂದ ಗ್ರೀಸ್ ತುಂಬಿ, ಒತ್ತಿದರು. ತೆಳ್ಳಗೆ ಎಳೆಯಾಗಿ ಗ್ರೀಸು ನೇರ ಪಿನ್ನಿನ ಬುಡಕ್ಕೆ ಇಳಿಯಿತು. ಅವರು ನಕ್ಕದ್ದನ್ನು ಆ ಮಳೆಗಾಲದಲ್ಲಿ ನಾನು ಕಂಡದ್ದು ಕಡಿಮೆ. ಆವತ್ತು ನಕ್ಕರು.

ಹಾಗೆ ಶುರುವಾಯಿತು. ಅದೇ ಪೆಟ್ಟಿಗೆಯಲ್ಲಿ ಅವಧಿ ಮುಗಿದ ರಬ್ಬರ್ ಗ್ಲೌಸುಗಳಿದ್ದವು. ಅವುಗಳ ಬೆರಳುಗಳನ್ನು ಕತ್ತರಿಸಿ ಕಪ್ಲರುಗಳಿಗೆ ತೊಡಿಸಿ, ಎರಡೂ ತುದಿಗೆ ದಾರ ಬಿಗಿದೆವು. ಬ್ಯಾಟರಿಯ ತುದಿಗಳಿಗೆ ವ್ಯಾಸಲೀನ್ ಬಳಿದೆವು. ಒದ್ದೆಯಿದ್ದದ್ದನ್ನು ಹಾಗೇ ಮುಚ್ಚಬಾರದು, ಮುಚ್ಚಿದರೆ ಒಳಗೇ ಕೊಳೆಯುತ್ತದೆ ಎಂದು ಕಾಕ ಹೇಳಿದ್ದರಿಂದ, ಬಿಸಿಲಿಲ್ಲದ ಆ ದಿನಗಳಲ್ಲಿ ಕಪ್ಲರು, ಫ್ಯೂಸುಗಳನ್ನು ನಾನು ಸ್ಟೆರಿಲೈಸರ್ ಪಕ್ಕದ ಬೆಚ್ಚಗಿನ ಕಲ್ಲಿನ ಮೇಲೆ ಇಟ್ಟು ಒಣಗಿಸಿ ಕೊಡುತ್ತಿದ್ದೆ. ಪ್ರತಿ ಗ್ಲೌಸ್ ಬೆರಳಿನ ತಳದಲ್ಲಿ ಅವರು ಸೂಜಿಯಿಂದ ಒಂದು ತೂತು ಮಾಡುತ್ತಿದ್ದರು. ಇದೇಕೆ ಎಂದು ಕೇಳಿದ್ದಕ್ಕೆ, “ಎಷ್ಟು ಕಟ್ಟಿದ್ರೂ ಸ್ವಲ್ಪ ಹೋಗ್ತದೆ ಸಿಸ್ಟರೇ, ಅದು ಇಳಿದು ಹೋಗ್ಲಿ” ಎಂದರು. ಫ್ಯೂಸ್ ಪೆಟ್ಟಿಗೆಯನ್ನು ಕಾಲಿನ ಹತ್ತಿರದಿಂದ ಬಿಚ್ಚಿ ಮೇಲಕ್ಕೆ ಏರಿಸಿದರು. ಬ್ಯಾಟರಿಯನ್ನು ಸೀಟಿನ ಹಿಂದಕ್ಕೆ ತಂದರು. ಹಾರ್ನನ್ನು ನೀರು ತುಂಬದಂತೆ ಬಾಯಿ ಕೆಳಗಾಗಿ ತಿರುಗಿಸಿದರು.

ತೋಡಿಗೆ ಇಳಿಯುವ ಮೊದಲು ಇನ್ನೊಂದು ಕೆಲಸವಿತ್ತು. ಕಾಕ ಜೀಪು ನಿಲ್ಲಿಸಿ, ಫ್ಯಾನ್ ಬೆಲ್ಟ್ ಸಡಿಲ ಮಾಡಿ, ಮುಂದಿನ ಜಾಲರಿಗೆ ಟಾರ್ಪಾಲಿನ ತುಂಡು ಕಟ್ಟುತ್ತಿದ್ದರು. ಫ್ಯಾನ್ ತಿರುಗುತ್ತಿದ್ದರೆ ಒಳಗೆ ಬಂದ ನೀರನ್ನು ಎತ್ತಿ ವಯರುಗಳ ಮೇಲೆಲ್ಲ ಎರಚುತ್ತದೆ. ದಾಟಿದ ಮೇಲೆ ಇಂಜಿನ್ ಕಾಯದಂತೆ ಮತ್ತೆ ಬೆಲ್ಟ್ ಬಿಗಿ ಮಾಡಬೇಕು. ಹೋಗುವಾಗ ಐದು ನಿಮಿಷ, ಬರುವಾಗ ಐದು ನಿಮಿಷ. ಜಡಿಮಳೆಯಲ್ಲಿ, ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು, ಅವರು ಬಾನೆಟ್ಟಿನೊಳಗೆ ಬಾಗಿರುವಾಗ ನಾನು ಸ್ಪ್ಯಾನರ್ ಹಿಡಿದು ನಿಲ್ಲುತ್ತಿದ್ದೆ.

ಜೀಪು ಆಮೇಲೆ ನಿಲ್ಲಲಿಲ್ಲ. ಜುಲೈ ತಿಂಗಳಿಡೀ ದಾಟಿತು. ಆದರೆ ನಾವು ಸೋತೆವು. ಆ ತಿಂಗಳಲ್ಲಿ ಒಣಗಿದ ಸೀರೆ ಉಟ್ಟ ನೆನಪು ನನಗಿಲ್ಲ. ಕಾಲಿನ ಬೆರಳ ಸಂದಿ ಬೆಳ್ಳಗೆ ಬೆಂದು, ರಾತ್ರಿ ಉರಿಯುತ್ತಿತ್ತು. ಜಿಗಣೆ ಕಚ್ಚಿದ್ದು ಮನೆಗೆ ಬಂದು ರಕ್ತ ಕಂಡ ಮೇಲೆಯೇ ಗೊತ್ತಾಗುತ್ತಿತ್ತು. ಹಾಡಿಯಿಂದ ಬಂದ ಪ್ರತಿ ಸಂಜೆ ಕಾಕ ಮತ್ತೆ ಬಾನೆಟ್ ತೆಗೆದು, ಎಲ್ಲ ಗ್ಲೌಸ್ ಬೆರಳುಗಳನ್ನು ಬಿಚ್ಚಿ, ನೀರು ಒರೆಸಿ, ಹೊಸದಾಗಿ ಗ್ರೀಸ್ ಒತ್ತಿ, ಮತ್ತೆ ಕಟ್ಟುತ್ತಿದ್ದರು. ಹಳೇ ರಬ್ಬರು ಎರಡೇ ದಿನಕ್ಕೆ ಹರಿಯುತ್ತಿತ್ತು. ಅವರಿಗೆ ಕೆಮ್ಮು ಹಿಡಿದಿತ್ತು. ಭಾಗಮಂಡಲದ ಕಡೆಯ ನಮ್ಮ ಮನೆಯಿಂದ ಅಮ್ಮ ಫೋನು ಮಾಡಿ ಅರೆಭಾಷೆಯಲ್ಲಿ, “ಊಟ ಆತಾ? ಅಲ್ಲಿ ಮಳೆ ಜೋರು ಉಟ್ಟಾ?” ಎಂದು ಕೇಳಿದರೆ, ಹೂಂ ಎನ್ನುವಷ್ಟರಲ್ಲಿ ನನಗೆ ನಿದ್ದೆ ಬಂದಿರುತ್ತಿತ್ತು.

ಆ ಮೂವರು ಬಸುರಿಯರಲ್ಲಿ ಇಬ್ಬರಿಗೆ ಜುಲೈಯಲ್ಲಿ ಹೆರಿಗೆಯಾಯಿತು. ಇಬ್ಬರನ್ನೂ ಜೀಪಿನಲ್ಲೇ ಕರೆತಂದು, ಮಗುವಿನ ಜೊತೆ ಜೀಪಿನಲ್ಲೇ ವಾಪಸು ಬಿಟ್ಟೆವು. ಉಳಿದವಳು ಮುತ್ತಿ. ಇಪ್ಪತ್ತೊಂದು ವರ್ಷದ ಹುಡುಗಿ, ಮೊದಲ ಬಸಿರು. ತೋಟದ ಕೆಲಸದಲ್ಲಿ ಅವಳ ಕೈ ಚುರುಕು, ಮಾತು ಬಲು ಕಡಿಮೆ. ನಾನು ಹೊಟ್ಟೆಯ ಮೇಲೆ ಕೊಳವೆಯಿಟ್ಟು ಮಗುವಿನ ಎದೆಬಡಿತ ಕೇಳುವಾಗ ಉಸಿರು ಬಿಗಿಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು. “ಚೆನ್ನಾಗಿದೆ” ಎಂದರೆ ಉಸಿರು ಬಿಡುತ್ತಿದ್ದಳು. ಅಷ್ಟೇ ನಮ್ಮ ಮಾತುಕತೆ.

ಅವಧಿ ಮುಗಿದ ಗ್ಲೌಸ್ ಪೆಟ್ಟಿಗೆ ಜುಲೈ ಕೊನೆಗೆ ಖಾಲಿಯಾಯಿತು. ನಾನು ಹೊಸ ಪೆಟ್ಟಿಗೆಯಿಂದ ಒಂದೆರಡು ಜೊತೆ ಕೊಟ್ಟೆ. ಆಮೇಲೆ ಇನ್ನೆರಡು. ಡಾಕ್ಟರ್ ಮೇಡಂ ಅದನ್ನು ಕಂಡರು. ಗದರಲಿಲ್ಲ. ಬಾಗಿಲು ಮುಂದೆ ಮಾಡಿ, ಮೆಲ್ಲಗೆ, “ಕಮಲಾಕ್ಷಿ, ನಾಳೆ ಹೆರಿಗೆಗೆ ಬಂದವಳಿಗೆ ಗ್ಲೌಸ್ ಇಲ್ಲ ಅಂದ್ರೆ ನಾವು ಏನ್ ಹೇಳೋದು? ಜೀಪಿಗೆ ಹಾಕಿದ್ವಿ ಅಂತಲಾ?” ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮಳೆಗೆ ಹೊಸ ಸರಬರಾಜು ಬರುವುದು ಯಾವಾಗಲೋ. ನನಗೆ ನಾಚಿಕೆಯಾಯಿತು.

ಮಾರನೆಯ ದಿನ ಕಾಕ ಬಂದು, “ಸಿಸ್ಟರೇ, ಒಂದೇ ಒಂದು ಬೆರಳು ಸಾಕು. ಡೀಸೆಲ್ ಪಂಪಿನ ಮೇಲಿನ ವಯರಿಂದು ಹರಿದುಹೋಗಿದೆ” ಎಂದರು.

“ಇಲ್ಲ ಕಾಕ. ಇನ್ನು ಕೇಳ್ಬೇಡಿ” ಎಂದೆ. ದಣಿವಿಗೆ ನನ್ನ ದನಿ ಒರಟಾಗಿಯೇ ಬಂತು. ಅವರು ತಲೆಯಾಡಿಸಿ ಹೋದರು. ಪಂಪಿನ ಮೇಲಿನ ಆ ಒಂದು ವಯರಿಗೆ ಕರೆಂಟ್ ಹೋಗದಿದ್ದರೆ ಡೀಸೆಲ್ ನಿಲ್ಲುತ್ತದೆ, ಡೀಸೆಲ್ ನಿಂತರೆ ಇಂಜಿನ್ ನಿಲ್ಲುತ್ತದೆ. ಇದು ನನಗೂ ಆಗ ಗೊತ್ತಿತ್ತು. ಗೊತ್ತಿಲ್ಲದೆ ಹೇಳಿದ ಮಾತಲ್ಲ ಅದು.

ಎರಡು ದಿನ ಬಿಟ್ಟು ಕಾಕ ಜ್ವರ ಹಿಡಿದು ಬಂದರು. ಎದೆ ಕೇಳಿದರೆ ಒಳಗೆ ಗೊರಗೊರ. ಬೆರಳುಗಳ ಸಂದಿಯಲ್ಲಿ ಚರ್ಮ ಬಿರಿದು ಕೀವು ಕಟ್ಟಿತ್ತು. “ಮೂರು ದಿನ ಮನೆಯಲ್ಲಿ ಮಲಗಿ. ಮಾತ್ರೆ ತಗೊಳ್ಳಿ. ನೀರು ಮುಟ್ಟಬೇಡಿ” ಎಂದೆ.

“ತೋಡಿನ ನೀರು ಏರಿದೆ ಸಿಸ್ಟರೇ. ಮುತ್ತಿ ಇದ್ದಾಳೆ.”

“ಅವಳಿಗೆ ಇನ್ನೂ ಒಂದು ತಿಂಗಳಿದೆ. ನಿಮಗೆ ಏನಾದ್ರೂ ಆದ್ರೆ ಜೀಪು ಯಾರು ನೋಡ್ತಾರೆ? ಹೋಗಿ.”

ನಾನೇ ಡಾಕ್ಟರ್ ಮೇಡಂ ಹತ್ತಿರ ರಜೆ ಹಾಕಿಸಿದೆ. ಬದಲಿಗೆ ಮಂಜುನಾಥ ಎಂಬ ಡ್ರೈವರ್ ಬಂದ. ಶಿರಂಗಾಲದವನು, ಮೂವತ್ತೈದರ ಆಸುಪಾಸು, ಮೂರು ಮಕ್ಕಳ ತಂದೆ, ನಿಧಾನಸ್ಥ. ಅವನ ಊರಿನ ಕಡೆ ಮಳೆಯೇ ಬೇರೆ, ನಮ್ಮ ಮಳೆಯೇ ಬೇರೆ. ಕಾಕ ಕಂಬಳಿ ಹೊದ್ದುಕೊಂಡೇ ಅವನನ್ನು ಜೀಪಿನ ಸುತ್ತ ಕರೆದುಕೊಂಡು ಹೋಗಿ ಎಲ್ಲ ತೋರಿಸಿದರು. ಬೆಲ್ಟು, ಟಾರ್ಪಾಲು, ಬರಿದಾಗಿರುವ ಆ ವಯರು. ಮಂಜುನಾಥ ಕೈಕಟ್ಟಿಕೊಂಡು ಕೇಳಿಸಿಕೊಂಡ.

ಆಗಸ್ಟ್ ನಡುವಿನ, ಕಕ್ಕಡ ತಿಂಗಳ ಕೊನೆಯ ವಾರ ಅದು. ಕಾಕನ ರಜೆಯ ಎರಡನೆಯ ದಿನ ಮಧ್ಯಾಹ್ನ, ನಾನು ಬುತ್ತಿ ಬಿಚ್ಚುವಾಗ ಫೋನು ಬಂತು. ಮುತ್ತಿಯ ಗಂಡ ಬೋಜ. ಹಾಡಿಯಲ್ಲಿ ಸಿಗ್ನಲ್ ಇಲ್ಲ, ಮೇಲಿನ ಬಂಡೆ ಹತ್ತಬೇಕು. ಅವನು ಏದುಸಿರು ಬಿಡುತ್ತಿದ್ದ. “ಸಿಸ್ಟರ್, ಅವಳಿಗೆ ಹೊಟ್ಟೆ ನೋವು. ಬೆಳಿಗ್ಗೆಯಿಂದ. ರಕ್ತ ಹೋಗ್ತಾ ಉಂಟು.”

ಆಂಬುಲೆನ್ಸಿಗೆ ಫೋನು ಮಾಡಿದೆವು. ಅದು ಇನ್ನೊಂದು ಕೇಸಿಗೆ ದೂರ ಹೋಗಿತ್ತು, ಬಂದರೂ ತೋಡಿನ ಈಚೆ ದಡದವರೆಗೆ ಮಾತ್ರ. ಡಾಕ್ಟರ್ ಮೇಡಂ, “ಹೋಗಿ, ಇಲ್ಲಿಗೆ ತರ್ಬೇಡಿ, ನೇರ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗಿ. ನಾನು ಅಲ್ಲಿಗೆ ಹೇಳಿರ್ತೀನಿ” ಎಂದರು. ಮಂಜುನಾಥ ಊಟದ ಕೈ ತೊಳೆದುಕೊಂಡು ಎದ್ದ.

ಹೋಗುವಾಗ ಅವನು ಎಲ್ಲವನ್ನೂ ಸರಿಯಾಗಿ ಮಾಡಿದ. ತೋಡಿನ ಮುಂದೆ ನಿಲ್ಲಿಸಿ, ಬೆಲ್ಟ್ ಸಡಿಲಿಸಿ, ಟಾರ್ಪಾಲು ಕಟ್ಟಿ, ಆ ವಯರಿಗೆ ಗ್ರೀಸ್ ಒತ್ತಿ ಜೀಪು ಇಳಿಸಿದ. ನೀರು ಬಂಪರಿಗಿಂತ ಮೇಲಿತ್ತು. ದಾಟಿದೆವು. ಆ ಕಡೆ ಏರು ಹತ್ತಬೇಕಾದ್ದರಿಂದ ಮತ್ತೆ ಬೆಲ್ಟ್ ಬಿಗಿ ಮಾಡಿದ.

ಮುತ್ತಿ ಗುಡಿಸಲಿನ ಮೂಲೆಯಲ್ಲಿ ಚಾಪೆಯ ಮೇಲೆ ಮುದುಡಿ ಮಲಗಿದ್ದಳು. ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿತ್ತು. ಕೊಳವೆಯಿಟ್ಟು ಕೇಳಿದೆ. ಬಡಿತ ಇತ್ತು, ಆದರೆ ನಿಧಾನ, ತೀರಾ ನಿಧಾನ. ಅವಳು ಎಂದಿನಂತೆ ನನ್ನ ಮುಖ ನೋಡುತ್ತಿದ್ದಳು. ಚೆನ್ನಾಗಿದೆ ಎಂದು ಹೇಳಲಿಲ್ಲ. “ಹೋಗುವ” ಎಂದೆ. ಗ್ಲುಕೋಸ್ ಬಾಟಲಿ ಚುಚ್ಚಿದೆ. ಬೋಜ ಮತ್ತು ಇನ್ನಿಬ್ಬರು ಗಂಡಸರು ಕಂಬಳಿಯಲ್ಲಿ ಎತ್ತಿ ಜೀಪಿನ ಹಿಂದಿನ ಸೀಟಿಗೆ ಹಾಕಿದರು. ಅವಳ ತಾಯಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಗಂಡಸರು ಹಿಂದೆ ಜೋತುಬಿದ್ದರು.

ತೋಡಿನ ದಡಕ್ಕೆ ಬಂದಾಗ ಮಂಜುನಾಥ ಬ್ರೇಕ್ ಹಾಕಿದ. “ಸಿಸ್ಟರ್, ಬೆಲ್ಟ್ ಸಡ್ಲ ಮಾಡ್ಬುಡ್ತೀನಿ. ಐದೇ ನಿಮಿಷ.”

ಸೀಟಿನಿಂದ ರಕ್ತ ಕೆಳಗೆ ತೊಟ್ಟಿಕ್ಕುತ್ತಿತ್ತು. “ಬೇಡ. ಹೊರಡಿ” ಎಂದೆ.

“ಕಾಕ ಹೇಳವ್ರೆ…”

“ನಾನು ಹೇಳ್ತಿದ್ದೀನಲ್ಲ, ಹೊರಡಿ.”

ಅವನು ಇಳಿಸಿದ. ಅರ್ಧಕ್ಕಿಂತ ಹೆಚ್ಚು ದಾಟಿದ್ದೆವು. ಬಾನೆಟ್ಟಿನ ಒಳಗೆ ಫ್ಯಾನು ನೀರಿಗೆ ಬಡಿಯುವ ಸದ್ದು ಕೇಳಿತು, ಬಟ್ಟೆ ಒಗೆಯುವಾಗ ಕಲ್ಲಿಗೆ ಬಡಿದ ಹಾಗೆ. ಆಮೇಲೆ ಯಾವ ಸದ್ದೂ ಇಲ್ಲ. ಇಂಜಿನ್ ನಿಂತಿತ್ತು. ತೋಡಿನ ನೀರಿನ ಮೊರೆತ ಒಂದೇ ಉಳಿಯಿತು.

ಬೋಜ ಮತ್ತು ಜೊತೆಯವರು ನೀರಿಗೆ ಹಾರಿದರು. ಹಗ್ಗ ಕಟ್ಟಿ ಮುಂದಕ್ಕೆ ಎಳೆದರು. ಕೆಳಗೆ ಬಂಡೆಯಿದ್ದ ಒಂದು ಕಡೆ, ಮೊಣಕಾಲಿನಷ್ಟು ನೀರಿನಲ್ಲಿ ಜೀಪು ನಿಂತಿತು. ಅಲ್ಲಿಂದ ದಡದ ಏರಿಗೆ ಎಳೆಯಲು ಮೂವರಿಂದ ಸಾಧ್ಯವಿರಲಿಲ್ಲ. ಹೊತ್ತುಕೊಂಡು ಹೋಗೋಣವೆಂದರೆ ರಸ್ತೆ ಸೇರಲು ಎರಡು ಮೈಲಿ, ಅಲ್ಲೂ ವಾಹನ ಸಿಗುವುದು ಖಾತ್ರಿಯಿಲ್ಲ. ಮಂಜುನಾಥ ಕೀಲಿ ತಿರುಗಿಸಿದ. ಸೆಲ್ಫ್ ಚೆನ್ನಾಗಿ ತಿರುಗಿತು. ಇಂಜಿನ್ ಹಿಡಿಯಲಿಲ್ಲ. ಕಾಕ ಗ್ಲೌಸ್ ಬೆರಳು ಕಟ್ಟಿದ್ದ ಒಂದು ಜಾಗವೂ ಕೈಕೊಟ್ಟಿರಲಿಲ್ಲ ಎಂದು ನನಗೆ ಆಗಲೇ ಹೊಳೆಯಿತು. ಯಾವುದು ಕೈಕೊಟ್ಟಿದೆ ಎಂಬುದೂ ಹೊಳೆಯಿತು.

“ಮಂಜುನಾಥ, ಬಾನೆಟ್ ಎತ್ತಿ” ಎಂದು ಇಳಿದೆ.

ಫ್ಯೂಸು ಸುಟ್ಟಿತ್ತು. ಪಂಪಿನ ಮೇಲಿನ ಕಪ್ಲರ್ ಎಳೆದು ನೋಡಿದರೆ ಒಳಗೆ ಕೆಂಪು ಕೆಸರು. ಹೆರಿಗೆ ಕಿಟ್ಟಿನಿಂದ ಸ್ಪಿರಿಟ್ ತೆಗೆದು ಪಿನ್ನಿನ ಮೇಲೆ ಸುರಿದೆ. ಗಾಜ್ ಬಟ್ಟೆಯನ್ನು ಹುರಿ ಮಾಡಿ ಒಳಗೆ ತೂರಿಸಿ ಒರೆಸಿದೆ. ಮಂಜುನಾಥ ಕೊಡೆ ಹಿಡಿದು ನಿಂತ. ಹೊಸ ಫ್ಯೂಸ್ ಹಾಕಿದ. ಟಪ್ ಎಂದು ಅದೂ ಹೋಯಿತು. ಇನ್ನೂ ಒಳಗೆ ನೀರಿತ್ತು. ನಾನು ಹಿಂದೆ ಓಡಿ ಮುತ್ತಿಯ ನಾಡಿ ನೋಡಿದೆ, ಬಾಟಲಿ ಬದಲಿಸಿದೆ, ಮತ್ತೆ ಮುಂದೆ ಬಂದೆ. ಮತ್ತೆ ಸ್ಪಿರಿಟ್, ಮತ್ತೆ ಗಾಜ್, ಬಾಯಿಯಿಂದ ಊದಿದೆ. ಗ್ರೀಸು ಒತ್ತಿದೆ. ಬೆರಳುಗಳಿಗೆ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ಕಿಟ್ಟಿನಲ್ಲಿದ್ದ ಗ್ಲೌಸು ಎರಡೇ ಜೊತೆ. ಒಂದನ್ನು ಹರಿದು, ಅದರ ಬೆರಳನ್ನು ಕಪ್ಲರಿಗೆ ತೊಡಿಸಿ, ಹೊಕ್ಕುಳ ಬಳ್ಳಿ ಕಟ್ಟುವ ದಾರದಿಂದ ಬಿಗಿದೆ. “ಫ್ಯೂಸು ಖಾಲಿ ಸಿಸ್ಟರ್” ಎಂದ ಮಂಜುನಾಥ. “ಹಾರ್ನಿಂದು ತೆಗೆದು ಹಾಕಿ” ಎಂದೆ. ಅವನು ಈ ಸಲ ಹೇಳದೆಯೇ ಬೆಲ್ಟ್ ಸಡಿಲ ಮಾಡಿದ.

ಇಂಜಿನ್ ಹಿಡಿಯಿತು. ನನ್ನ ಕೈಗಡಿಯಾರದಲ್ಲಿ ನಲವತ್ತು ನಿಮಿಷ ಹೋಗಿತ್ತು.

ದಾರಿಯುದ್ದಕ್ಕೂ ಕೊಳವೆಯಿಟ್ಟು ಕೇಳಲು ನೋಡಿದೆ. ಇಂಜಿನ್ನಿನ ಗದ್ದಲದಲ್ಲಿ, ಜೀಪಿನ ಕುಲುಕಾಟದಲ್ಲಿ ಏನೂ ಕೇಳಿಸಲಿಲ್ಲ. ಗದ್ದಲಕ್ಕೆ ಕೇಳಿಸುತ್ತಿಲ್ಲ ಎಂದುಕೊಂಡೆ. ದೊಡ್ಡ ಆಸ್ಪತ್ರೆಯಲ್ಲಿ ಅವರು ಸಿದ್ಧವಾಗಿದ್ದರು. ಒಳಗೆ ಕರೆದುಕೊಂಡು ಹೋದರು. ಮುತ್ತಿ ಉಳಿದಳು. ಮಗು ಹೊಟ್ಟೆಯಲ್ಲೇ ಹೋಗಿತ್ತು. ಹೆಣ್ಣು.

ಅಲ್ಲಿಯ ವೈದ್ಯರನ್ನು ನಾನು ಕೇಳಿದೆ. ಅವರು ತಾಳ್ಮೆಯಿಂದಲೇ ಹೇಳಿದರು. “ಮಾಸು ಮೊದಲೇ ಬಿಟ್ಕೊಂಡಿತ್ತು ಸಿಸ್ಟರ್. ಬೆಳಿಗ್ಗೆಯಿಂದ ರಕ್ತ ಹೋಗಿದೆ. ಮಗು ಯಾವಾಗ ಹೋಯ್ತು ಅಂತ ಹೇಳೋದು ಕಷ್ಟ. ನೀವು ತಂದಿದ್ದಕ್ಕೆ ತಾಯಿ ಉಳಿದ್ಲು.” ಇದೇ ಮಾತನ್ನು ಡಾಕ್ಟರ್ ಮೇಡಂ ಕೂಡ ಹೇಳಿದರು. ಆಮೇಲೆ ಅವರು ತಮ್ಮ ಕೋಣೆಯ ಕಪಾಟಿನಿಂದ ಗ್ಲೌಸಿನ ಒಂದು ಪೆಟ್ಟಿಗೆ ತಂದು ನನ್ನ ಮೇಜಿನ ಮೇಲಿಟ್ಟರು.

ಮಂಜುನಾಥ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ ಚಹಾ ತಂದು ಕೊಟ್ಟು, “ನಾನು ನಿಮ್ಮ ಮಾತ್ ಕೇಳ್ಬಾರ್ದಾಗಿತ್ತು ಸಿಸ್ಟರ್. ಬೈಸ್ಕಂಡಾದ್ರೂ ಇಳೀಬೇಕಾಗಿತ್ತು” ಎಂದ. ಅವನದೇನೂ ತಪ್ಪಿಲ್ಲ ಎಂದು ಹೇಳಿದೆ. ಅವನು ನಂಬಿದಂತೆ ಕಾಣಲಿಲ್ಲ.

ಕಾಕನ ಮನೆಗೆ ನಾನೇ ಹೋದೆ. ಜ್ವರ ಇಳಿದಿತ್ತು. ಅವರ ಹೆಂಡತಿ ಗಂಜಿ ಕೊಟ್ಟಿದ್ದರು, ಅದು ತಟ್ಟೆಯಲ್ಲಿ ತಣ್ಣಗಾಗಿತ್ತು. ಸುದ್ದಿ ಅವರಿಗೆ ಮುಟ್ಟಿತ್ತು. ನಾನು ಎಲ್ಲವನ್ನೂ ಹೇಳಿದೆ. ಬೆಲ್ಟ್ ಬೇಡವೆಂದದ್ದನ್ನೂ ಹೇಳಿದೆ. ಅವರು ಕೇಳಿದ್ದು ಒಂದೇ.

“ಯಾವ ವಯರು?”

“ಪಂಪಿಂದು.”

ಅವರು ಕಣ್ಣು ಮುಚ್ಚಿಕೊಂಡರು. ಆಮೇಲೆ ಹೆಂಡತಿಗೆ ಮಲಯಾಳದಲ್ಲಿ ಏನೋ ಹೇಳಿದರು. ಆಕೆ ಗೋಡೆಯ ಮೊಳೆಗೆ ತೂಗುಹಾಕಿದ್ದ ಖಾಕಿ ಶರ್ಟ್ ತಂದು ಕೊಟ್ಟರು. ಕಾಕ ಅದರ ಜೇಬಿಗೆ ಕೈ ಹಾಕಿ ಬೆರಳುದ್ದದ ಒಂದು ಸೈಕಲ್ ಟ್ಯೂಬಿನ ತುಂಡು ತೆಗೆದರು. ಎರಡೂ ತುದಿಗೆ ದಾರ ಕಟ್ಟಿ, ತಳಕ್ಕೆ ತೂತು ಮಾಡಿ, ತಯಾರು ಮಾಡಿಟ್ಟಿದ್ದರು.

“ನೀವು ಇಲ್ಲ ಅಂದ ದಿನವೇ ಇದನ್ನ ಕತ್ತರ್ಸಿದ್ದೆ. ಹಾಕುವ ಅಂತ ಜೇಬಲ್ಲಿ ಇಟ್ಟೆ. ಜ್ವರದಲ್ಲಿ ಮರ್ತುಹೋಯ್ತು.”

“ಕಾಕ, ನಾನು ಕೊಟ್ಟಿದ್ದರೆ ನೀವು ಕತ್ತರಿಸೋದೇ ಬೇಕಾಗಿರ್ಲಿಲ್ಲ.”

“ಅದು ಹಾಗಲ್ಲ ಸಿಸ್ಟರೇ” ಎಂದರು. ನಾವಿಬ್ಬರೂ ಆ ತುಂಡನ್ನು ನೋಡುತ್ತ ಕೂತೆವು. ಹೊರಗೆ ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಅವರ ಹೆಂಡತಿ ತಣ್ಣಗಾದ ಗಂಜಿ ತೆಗೆದುಕೊಂಡು ಹೋಗಿ ಬಿಸಿಮಾಡಿ ತಂದು, ನನಗೂ ಒಂದು ತಟ್ಟೆ ಇಟ್ಟರು. ಉಂಡೆವು.

ಕಾಕ ವಾಪಸು ಬಂದು ಉಳಿದ ಆರೇಳು ವಾರ ಓಡಿಸಿದರು. ಸೆಪ್ಟೆಂಬರ್ ಕೊನೆಗೆ ಅವರಿಗೆ ಒಂದು ಶಾಲು ಹೊದಿಸಿ, ಚಹಾ ಕುಡಿಸಿ ಕಳಿಸಿದೆವು. ಮಂಜುನಾಥನೇ ಆ ಜಾಗಕ್ಕೆ ಬಂದ. ನಾವು ಬೇಡುತ್ತಲೇ ಇದ್ದ ಸೇತುವೆ ಎರಡು ವರ್ಷದ ಮೇಲೆ ಆಯಿತು. ಈಗ ಅಲ್ಲಿ ಆಂಬುಲೆನ್ಸ್ ಹಾಡಿಯ ಅಂಗಳದವರೆಗೆ ಹೋಗುತ್ತದೆ. ಕಾಕ ತೀರಿಹೋಗಿ ಮೂರು ವರ್ಷವಾಯಿತು.

ಆದರೆ ಆ ವರ್ಷದ್ದು ಇನ್ನೊಂದು ಉಳಿದಿದೆ. ಮುತ್ತಿಯನ್ನು ನೋಡಲು ನನಗೆ ಧೈರ್ಯ ಬಂದಿರಲಿಲ್ಲ. ಹಾಡಿಗೆ ಹೋದಾಗಲೆಲ್ಲ ಅವಳು ಕೆಲಸಕ್ಕೆ ಹೋದ ಹೊತ್ತು ನೋಡಿಯೇ ಹೋಗುತ್ತಿದ್ದೆ, ಅವಳು ಇರುವ ಹೊತ್ತಿಗೆ ಇನ್ನೊಬ್ಬ ನರ್ಸನ್ನು ಅವಳ ಗುಡಿಸಲಿಗೆ ಕಳಿಸುತ್ತಿದ್ದೆ. ಅಕ್ಟೋಬರಿನಲ್ಲಿ ಮಳೆ ಬಿಟ್ಟು, ಗದ್ದೆಯ ಬದುಗಳಲ್ಲಿ ಹುಲ್ಲು ಒಣಗತೊಡಗಿದ್ದ ಒಂದು ಬೆಳಿಗ್ಗೆ, ತೋಡಿನ ದಡದಲ್ಲೇ ಅವಳು ಸಿಕ್ಕಿದಳು. ಕೊಡ ತೊಳೆಯುತ್ತಿದ್ದಳು. ತಪ್ಪಿಸಿಕೊಳ್ಳುವಂತಿರಲಿಲ್ಲ. ಅವಳ ಪಕ್ಕದ ಬಂಡೆಯ ಮೇಲೆ ಕೂತೆ.

ಹೇಳಿದೆ. ಗ್ಲೌಸ್ ಕೊಡಲಿಲ್ಲವೆಂದು, ಐದು ನಿಮಿಷ ನಿಲ್ಲಬೇಕಿತ್ತು, ನಾನು ನಿಲ್ಲಗೊಡಲಿಲ್ಲವೆಂದು, ಅದರಿಂದ ನಲವತ್ತು ನಿಮಿಷ ಹೋಯಿತೆಂದು. ವೈದ್ಯರು ಹೇಳಿದ್ದನ್ನೂ ಹೇಳಿದೆ. ಆ ನಲವತ್ತು ನಿಮಿಷಕ್ಕೇ ಮಗು ಹೋಯಿತೋ ಏನೋ ನನಗೆ ಗೊತ್ತಿಲ್ಲ ಎಂದೂ ಹೇಳಿದೆ. ಅವಳು ಕೊಡ ತೊಳೆಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. ನನ್ನ ಮಾತು ಮುಗಿದ ಮೇಲೂ ನೀರನ್ನೇ ನೋಡುತ್ತಿದ್ದಳು. ತೋಡಿನಲ್ಲಿ ಆಗ ಪಾದ ಮುಳುಗುವಷ್ಟೇ ನೀರಿತ್ತು.

“ನೀವು ಬಾಯಲ್ಲಿ ಊದ್ತಾ ಇದ್ರಿ” ಎಂದಳು. “ನಂಗೆ ಹಿಂದಿಂದ ಕಾಣ್ತಿತ್ತು.”

ಕೊಡದಲ್ಲಿ ಉಳಿದಿದ್ದ ನೀರನ್ನು ಅವಳು ಚೆಲ್ಲಿದಳು.

“ಆ ಜೀಪು ಈಗ ಓಡ್ತದಾ?”

“ಓಡ್ತದೆ.”

ಅವಳು ಕೊಡಕ್ಕೆ ನೀರು ತುಂಬಿ, ಸೊಂಟಕ್ಕೆ ಏರಿಸಿ ಎದ್ದಳು. “ನಮ್ಮ ಅತ್ತಿಗೆಗೆ ಐದು ತಿಂಗಳು. ಆಸ್ಪತ್ರೆಗೆ ಬರಲ್ಲ ಅಂತಾಳೆ, ಹೆದರ್ತಾಳೆ. ಬನ್ನಿ, ನೋಡಿ” ಎಂದಳು.

ನಾನು ಬ್ಯಾಗು ತೆಗೆದುಕೊಂಡು ಅವಳ ಹಿಂದೆ ಏರು ಹತ್ತಿದೆ.